ಎರೆ ನೆಲದ ಮಳೆಗೆ ಮೂರು ಕಾಲು

ಬೇಟೆಗಾರನ ಬಂದೂಕಿಗೆ ಆಸರೆಯಾಗಿದ್ದ ಕವೆಗೋಲಿನ ಜಾಗದಲ್ಲಿ ಈಗ ಕ್ಯಾಮೆರಾದ ಟ್ರೈಪಾಡ್ ನಿಂತಿದೆ. ದಾವಣಗೆರೆ, ಹರಿಹರದ ಕೆರೆ ಏರಿ, ನಾಲೆ ಬದು, ಹೊಳೆ ದಂಡೆಗಳಲ್ಲಿ ಮಳೆಗಾಲಕ್ಕೆ ಅದನ್ನು ನಿಲ್ಲಿಸುವುದು ಹೇಗೆ, ಉಳಿಸಿಕೊಳ್ಳುವುದು ಹೇಗೆ?

ಆರಿದ್ರಾ ಮಳೆ ಹಿಡಿದ ಮೇಲೆ ಯಾವುದಾದರೂ ಭಾನುವಾರ ಬೆಳಿಗ್ಗೆ ಕೊಂಡಜ್ಜಿ ಕೆರೆಯ ಕಡೆ ಹೋದರೆ ಏರಿಯ ಮೇಲೆ ಉದ್ದ ಲೆನ್ಸಿನವರು ಒಬ್ಬಿಬ್ಬರಾದರೂ ಸಿಕ್ಕಾರು. ಲೆನ್ಸಿಗೆ ಪ್ಲಾಸ್ಟಿಕ್ ಹೊದಿಕೆ, ತಲೆಗೆ ಟೋಪಿ. ಟ್ರೈಪಾಡ್ ಮಾತ್ರ ಬರಿಮೈಯಲ್ಲಿ ನೆನೆಯುತ್ತಿರುತ್ತದೆ. ಲಕ್ಷಗಟ್ಟಲೆ ಬೆಲೆಯ ಲೆನ್ಸಿಗೆ ಸಿಗುವ ಉಪಚಾರದ ಹತ್ತರಲ್ಲೊಂದು ಪಾಲೂ ಅದನ್ನು ಹೊತ್ತ ಕಾಲುಗಳಿಗೆ ಸಿಗುವುದಿಲ್ಲ. ಚಿತ್ರ ಅಲುಗಿ ಬಂದಾಗ ಬೈಸಿಕೊಳ್ಳುವುದು ಕ್ಯಾಮೆರಾ. ಎಡವಟ್ಟು ಆಗಿರುವುದು ಹೆಚ್ಚಿನ ಸಲ ಟ್ರೈಪಾಡಿನ ಪಾದ ಮಣ್ಣಿಗೆ ಊರಿದ ಆ ಎರಡು ಇಂಚಿನಲ್ಲಿ.

ಮಳೆಗಾಲಕ್ಕೆ ಮುಂಚೆ ದುಬಾರಿ ಟ್ರೈಪಾಡ್ ಕೊಂಡುಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ನಿಜಕ್ಕೂ ಬೇಕಾದದ್ದು ಎರಡೇ: ಕಾಲೂರುವ ಮಣ್ಣಿನ ಗುಣ ಗೊತ್ತಿರಬೇಕು, ಮನೆಗೆ ಬಂದ ಮೇಲೆ ಅರ್ಧ ತಾಸು ಪುರುಸೊತ್ತು ಇರಬೇಕು.

ಕೋವಿಯಿಂದ ಕ್ಯಾಮೆರಾಗೆ

ದೂರದ ಗುರಿಯ ಮೇಲೆ ಕೈ ನಡುಗದಂತೆ ನೋಡಿಕೊಳ್ಳುವ ಪೇಚಾಟ ಮೊದಲು ಬಂದೂಕಿನವರದು. 16–17ನೇ ಶತಮಾನದ ಯುರೋಪಿನ ಮಸ್ಕೆಟ್ ಎಷ್ಟು ಭಾರವಿತ್ತೆಂದರೆ, ಸಿಪಾಯಿ ಅದರ ಜೊತೆಗೊಂದು ಕವೆಗೋಲನ್ನೂ ಒಯ್ಯಬೇಕಿತ್ತು. ಕೋಲನ್ನು ನೆಲಕ್ಕೆ ಊರಿ, ಕವೆಯಲ್ಲಿ ನಳಿಗೆ ಕೂರಿಸಿ, ಆಮೇಲೆ ಬತ್ತಿಯ ಕಿಡಿ. ನಮ್ಮ ಕಾಡಂಚಿನ ಬೇಟೆಗಾರರಿಗೆ ಮರದ ಕವೆ, ಹುತ್ತದ ನೆತ್ತಿ, ಮಚಾನಿನ ಅಡ್ಡಗೋಲು ಇವೇ ಆಸರೆ. ಅವರಲ್ಲಿ ಒಂದು ಕಟ್ಟುನಿಟ್ಟಿನ ಪಾಠವಿತ್ತು: ನಳಿಗೆಯನ್ನು ನೇರವಾಗಿ ಕಲ್ಲಿನ ಮೇಲೆ ಇಡಬಾರದು. ಹಾಗಿಟ್ಟರೆ ಈಡು ಹಾರುವಾಗ ನಳಿಗೆ ಎಗರಿ ಗುರಿ ಮೇಲೆ ಹೋಗುತ್ತದೆ. ನಳಿಗೆಯ ಕೆಳಗಿನ ಮರದ ಭಾಗವನ್ನು ಆನಿಸಬೇಕು, ನಡುವೆ ಟೋಪಿಯನ್ನೋ ಮಡಚಿದ ಕಂಬಳಿಯನ್ನೋ ಇಡಬೇಕು. ಉದ್ದ ಲೆನ್ಸಿನವರ ನಿಯಮವೂ ಇದಕ್ಕೆ ಹತ್ತಿರದ್ದು: ಟ್ರೈಪಾಡಿಗೆ ಕ್ಯಾಮೆರಾದ ಒಡಲನ್ನು ಬಿಗಿಯಬಾರದು, ಲೆನ್ಸಿನ ಕೆಳಗಿರುವ ಪಾದವನ್ನು ಬಿಗಿಯಬೇಕು. ಭಾರದ ನಡುಬಿಂದು ಎಲ್ಲಿದೆಯೋ ಅಲ್ಲೇ ಆಸರೆ ಇರಬೇಕು.

ದಾವಣಗೆರೆಯ ಸುತ್ತಲಿನ ಕುರುಚಲು ಕಾಡು ಬೇಟೆಯ ಕಥೆಗಳಿಗೆ ಹೊಸದಲ್ಲ. ಪಕ್ಕದ ಹೊಸದುರ್ಗ, ಹೊಳಲ್ಕೆರೆ ಸೀಮೆಯ ನರಭಕ್ಷಕನ ಮೇಲೆ ಕೆನೆತ್ ಆಂಡರ್ಸನ್ ಬರೆದ ಕಥೆಯೇ ಇದೆ. ಆಂಡರ್ಸನ್‌ನ ಅನುಭವಗಳನ್ನು ಕನ್ನಡಕ್ಕೆ ತಂದ ಪೂರ್ಣಚಂದ್ರ ತೇಜಸ್ವಿ (1938–2007) ಯೌವನದಲ್ಲಿ ಕೋವಿ ಹಿಡಿದು ಅಲೆದವರು. ಮುಂದೆ ಮೂಡಿಗೆರೆಯ ಮಳೆಯಲ್ಲಿ ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ಬಿದ್ದರು. ಅವರಿಗೂ ಹಿಂದೆ, ಉತ್ತರ ಭಾರತದ ಅರಣ್ಯಾಧಿಕಾರಿ ಎಫ್. ಡಬ್ಲ್ಯೂ. ಚಾಂಪಿಯನ್ 1920ರ ದಶಕದಲ್ಲೇ ಬಂದೂಕಿನ ಬದಲು ಕ್ಯಾಮೆರಾದಿಂದ ಹುಲಿಯನ್ನು ಹಿಡಿಯಲು ಹೊರಟಿದ್ದ. ನಮ್ಮ ರಾಜ್ಯದಲ್ಲಿ ಸಂಡೂರಿನ ಎಂ. ವೈ. ಘೋರ್ಪಡೆ, ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ ಅವರಂಥವರು ವನ್ಯಜೀವಿ ಛಾಯಾಗ್ರಹಣಕ್ಕೆ ದೇಶದಾಚೆಗೂ ಹೆಸರು ತಂದರು. ಅವರದು ಫಿಲ್ಮಿನ ಕಾಲ. ಈಗಿನಂತೆ ಕತ್ತಲಲ್ಲೂ ವೇಗದ ಷಟರ್ ಕೊಡುವ ಸೆನ್ಸರ್ ಇರಲಿಲ್ಲ. ಮೋಡ ಮುಸುಕಿದರೆ ಗಟ್ಟಿ ಆಸರೆಯ ಹೊರತು ಬೇರೆ ಗತಿ ಇರಲಿಲ್ಲ.

ಬಂದೂಕು ಕೆಳಗಿಳಿದದ್ದಕ್ಕೆ ಕಾನೂನೂ ಕಾರಣ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ಮೂಗುದಾರ ಹಾಕಿತು. 1991ರ ತಿದ್ದುಪಡಿ ಲೈಸೆನ್ಸ್ ಪಡೆದು ಮೋಜಿಗೆ ಬೇಟೆಯಾಡುವ ದಾರಿಯನ್ನೂ ಮುಚ್ಚಿತು. ಹರಿಹರದಲ್ಲಿ ತುಂಗಭದ್ರೆ ದಾಟಿ ಮುಂದೆ ಹೋದರೆ ಸಿಗುವ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರದು, ವಿಸ್ತಾರ 119 ಚದರ ಕಿ.ಮೀ. ಇತ್ತ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ನಾಲ್ಕು ಕೊಂಬಿನ ಕೊಂಡುಕುರಿಗಾಗಿಯೇ 2011ರಲ್ಲಿ ಸುಮಾರು 77 ಚದರ ಕಿ.ಮೀ.ನ ವನ್ಯಧಾಮ ಘೋಷಣೆಯಾಯಿತು. ಒಂದು ಕಾಲದಲ್ಲಿ ಬಂದೂಕಿನ ಗುರಿಗೆ ಸಿಕ್ಕುತ್ತಿದ್ದ ಈ ಎರಡೂ ಪ್ರಾಣಿಗಳನ್ನು ಈಗ ಅರಣ್ಯ ಇಲಾಖೆಯ ಅನುಮತಿ ಪಡೆದು ದೂರದಿಂದ ನೋಡಬಹುದು, ಚಿತ್ರ ತೆಗೆಯಬಹುದು, ಅಷ್ಟೇ.

ಒಂದು ಮಿಲಿಮೀಟರಿನ ಲೆಕ್ಕ

ಆಸರೆ ಯಾಕೆ ಇಷ್ಟು ಮುಖ್ಯ ಎಂಬುದಕ್ಕೆ ಶಾಲೆಯ ಗಣಿತ ಸಾಕು. 30 ಸೆಂಟಿಮೀಟರ್ ಉದ್ದದ ಲೆನ್ಸಿನ ಹಿಂಬದಿ ಕದಲದೆ ಮುಂಬದಿ ಮಾತ್ರ ಒಂದು ಮಿಲಿಮೀಟರ್ ಸರಿಯಿತು ಎನ್ನೋಣ. ನೂರು ಮೀಟರ್ ದೂರದಲ್ಲಿ ಅದರ ಗುರಿ 33 ಸೆಂಟಿಮೀಟರ್, ಅಂದರೆ ಒಂದು ಅಡಿಗೂ ತುಸು ಹೆಚ್ಚು ಸರಿದಿರುತ್ತದೆ. ಅಷ್ಟರಲ್ಲಿ ಒಂದು ನೀರುಕೋಳಿ ಚೌಕಟ್ಟಿನಲ್ಲಿ ಇಟ್ಟ ಜಾಗದಿಂದ ಸರಿದುಹೋಗಿರುತ್ತದೆ. ಮೆತ್ತಗಿನ ಕೆಸರಿನಲ್ಲಿ ಟ್ರೈಪಾಡಿನ ಒಂದು ಕಾಲು ಹತ್ತು ನಿಮಿಷದಲ್ಲಿ ಒಂದು ಮಿಲಿಮೀಟರ್ ಇಳಿಯುವುದು ಏನೂ ದೊಡ್ಡ ವಿಷಯವಲ್ಲ. ನಾವು ಹಕ್ಕಿ ಕದಲಿತು ಅಂದುಕೊಳ್ಳುತ್ತೇವೆ. ಕದಲಿದ್ದು ನಮ್ಮ ಕಾಲ ಕೆಳಗಿನ ನೆಲ.

ನಾಲ್ಕು ಕಾಲಿನ ಮೇಜು ಉಬ್ಬುತಗ್ಗಿನ ನೆಲದಲ್ಲಿ ಕುಂಟುತ್ತದೆ, ಮೂರು ಕಾಲಿನದು ಕುಂಟುವುದಿಲ್ಲ. ಮೂರು ಬಿಂದುಗಳು ಹೇಗಿದ್ದರೂ ಒಂದೇ ಸಮತಲದಲ್ಲಿ ಕೂರುತ್ತವೆ. ಆದರೆ ಕುಂಟದಿರುವುದು ಬೇರೆ, ಕುಸಿಯದಿರುವುದು ಬೇರೆ. ಎರಡನೆಯದಕ್ಕೆ ಮಣ್ಣನ್ನು ನೋಡಬೇಕು.

ಎರೆ, ಮಸಾರಿ, ಮರಳು

ದಾವಣಗೆರೆಯಿಂದ ಹರಿಹರಕ್ಕೆ ಹದಿನಾಲ್ಕು ಕಿಲೋಮೀಟರ್ ಆಸುಪಾಸು. ನಡುವೆ ಬಾತಿ ಕೆರೆ, ಭದ್ರಾ ನಾಲೆಯ ನೀರುಂಡ ಗದ್ದೆಗಳು, ಕೊನೆಗೆ ಹೊಳೆ. ಇಷ್ಟು ಚಿಕ್ಕ ಹಾದಿಯಲ್ಲೇ ಟ್ರೈಪಾಡಿಗೆ ಮೂರು ಬಗೆಯ ನೆಲ ಎದುರಾಗುತ್ತದೆ.

ಮೂರರಲ್ಲಿ ಎರೆ ಮಣ್ಣೇ ತಂಟೆಕೋರ. ಇದರ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ನೆನೆದ ಎರೆಯಲ್ಲಿ ಚೂಪು ಮೊಳೆಯ ಪಾದ ಇಟ್ಟರೆ ಭಾರ ಬಿದ್ದಷ್ಟೂ ಇಳಿಯುತ್ತಲೇ ಹೋಗುತ್ತದೆ. ಇಲ್ಲಿ ಅಗಲವೇ ಮದ್ದು. ಅಂಗೈಯಷ್ಟು ಅಗಲದ ಮೂರು ಪ್ಲೈವುಡ್ ಬಿಲ್ಲೆ ಅಥವಾ ಚಪ್ಪಟೆ ಕಲ್ಲುಗಳನ್ನು ಪಾದದಡಿ ಇಟ್ಟರೆ ಭಾರ ಹರಡಿಕೊಳ್ಳುತ್ತದೆ. ಬಿಲ್ಲೆಯ ನಡುವೆ ಚಿಕ್ಕ ಗುಳಿ ಮಾಡಿಸಿಕೊಂಡರೆ ಪಾದ ಜಾರುವುದಿಲ್ಲ. ನಿಲ್ಲಿಸಿದ ಮೇಲೆ ತಲೆಯ ಭಾಗವನ್ನು ಎರಡೂ ಕೈಯಿಂದ ಒಮ್ಮೆ ಗಟ್ಟಿಯಾಗಿ ಒತ್ತಿ, ಇಳಿಯುವಷ್ಟು ಇಳಿಸಿಬಿಡಿ. ಆಮೇಲೆ ಮಟ್ಟ ನೋಡಿ.

ಮಸಾರಿಯಲ್ಲಿ, ಅಂದರೆ ಕೊಂಡಜ್ಜಿ ಗುಡ್ಡದ ಬದಿಯಲ್ಲೂ ಜಗಳೂರಿನ ಕುರುಚಲಿನಲ್ಲೂ ಸಿಗುವ ಕೆಂಪು ಗರಸಿನಲ್ಲಿ, ಮೊಳೆಯ ಪಾದವೇ ಸರಿ. ನಾಲೆ ಅಳೆಯುವ ಎಂಜಿನಿಯರರ ಲೆವೆಲ್ ಯಂತ್ರದ ಮರದ ಕಾಲುಗಳನ್ನು ಗಮನಿಸಿ: ತುದಿಗೆ ಕಬ್ಬಿಣದ ಚೂಪು, ಅದರ ಪಕ್ಕದಲ್ಲಿ ಬೂಟುಗಾಲಿನಿಂದ ತುಳಿಯಲು ಒಂದು ಕಿವಿ. ತುಳಿದು ಇಳಿಸಿದ ಕಾಲು ಮಳೆಗೂ ಜಗ್ಗುವುದಿಲ್ಲ. ಸಿಮೆಂಟಿನ ಸೋಪಾನ, ಕೋಡಿಯ ಕಲ್ಲುಗಟ್ಟಿನ ಮೇಲೆ ಮಾತ್ರ ರಬ್ಬರಿನ ಪಾದ. ಪಾಚಿ ಕಟ್ಟಿದ ಕಲ್ಲಾದರೆ ಮೊದಲು ಒರಸಿ.

ಇನ್ನು ಹೊಳೆಯ ಮರಳು. ತುಂಗಭದ್ರೆಯ ನುಣುಪು ಮರಳಿನಲ್ಲಿ ಕಾಲು ನಿಲ್ಲುವುದು ಸುಲಭ, ಅದರಿಂದ ಕಾಲನ್ನು ಬಿಡಿಸಿಕೊಳ್ಳುವುದು ಕಷ್ಟ. ಕಾಲಿನ ಕೊಳವೆಗಳು ಒಂದರೊಳಗೊಂದು ಸೇರುವ ಸಂದಿಗೆ ನಾಲ್ಕು ಕಣ ಹೊಕ್ಕರೂ ಉಜ್ಜುಗಾಗದದಂತೆ ಕೆಲಸ ಮಾಡುತ್ತವೆ. ಒಣ ನೆಲದಲ್ಲಿ ದಪ್ಪ ಕೊಳವೆಯನ್ನು ಮೊದಲು ಎಳೆಯುವುದು ರೂಢಿ, ದಪ್ಪಗಿದ್ದಷ್ಟೂ ಗಟ್ಟಿ ಎಂಬ ಕಾರಣಕ್ಕೆ. ನೀರು, ಕೆಸರು, ಮರಳಿನಲ್ಲಿ ಇದನ್ನು ತಿರುಗಿಸಬೇಕು. ಎಲ್ಲಕ್ಕಿಂತ ಕೆಳಗಿನ ಸಣ್ಣ ಕೊಳವೆಯನ್ನು ಮೊದಲು ಪೂರ್ತಿ ಎಳೆದರೆ ಲಾಕ್‌ಗಳು ಕೆಸರಿನ ಮಟ್ಟದಿಂದ ಮೇಲೆ ಉಳಿಯುತ್ತವೆ. ಗಟ್ಟಿತನ ತುಸು ಕಡಿಮೆಯಾದರೂ ಟ್ರೈಪಾಡ್ ಬದುಕುತ್ತದೆ.

ಗದ್ದೆ ಬದುವಿನ ಮೇಲೆ ನಿಲ್ಲುವವರಿಗೆ ಇನ್ನೊಂದು ಮಾತು. ಇಳಿಜಾರಿನ ಕಡೆಗೆ ಒಂದು ಕಾಲು, ನಿಮ್ಮ ಕಡೆಗೆ ಎರಡು ಕಾಲು ಇರಲಿ. ಲೆನ್ಸ್ ಆ ಒಂಟಿ ಕಾಲಿನ ನೇರಕ್ಕೆ ಬರಲಿ. ಎಡವಿದರೂ ಯಂತ್ರ ಗದ್ದೆಗೆ ಮುಖ ಮಾಡಿ ಬೀಳುವುದಿಲ್ಲ. ಬದು ತುಳಿಯುವ ಮುಂಚೆ ಹೊಲದ ಯಜಮಾನರನ್ನು ಕೇಳಿ. ನಾಟಿ ಹೊತ್ತಿನಲ್ಲಿ ಒಡೆದ ಬದು ಒಬ್ಬರ ಇಡೀ ದಿನದ ದುಡಿಮೆ.

ನಕ್ಷತ್ರಕ್ಕೊಂದು ಮಳೆ, ಮಳೆಗೊಂದು ಎಚ್ಚರ

ನಮ್ಮ ರೈತರು ಮಳೆಯನ್ನು ತಿಂಗಳಿನಿಂದ ಎಣಿಸುವುದಿಲ್ಲ, ನಕ್ಷತ್ರದಿಂದ ಎಣಿಸುತ್ತಾರೆ. ಟ್ರೈಪಾಡಿಗೂ ಆ ಪಂಚಾಂಗ ಒಳ್ಳೆಯದು.

ಮೇ ಕೊನೆಯ ರೋಹಿಣಿ, ಜೂನಿನ ಮೃಗಶಿರಾ ಗುಡುಗಿನ ಮಳೆಗಳು. ಬಯಲಿನ ಏರಿಯ ಮೇಲೆ ನಿಲ್ಲಿಸಿದ ಲೋಹದ ಕಾಲು ಸಿಡಿಲಿಗೆ ಕರೆಯೋಲೆ ಕೊಟ್ಟಂತೆ. ಕಾರ್ಬನ್ ಫೈಬರಿನದಾದರೆ ಭಯವಿಲ್ಲ ಎಂಬುದು ಸುಳ್ಳು, ಕಾರ್ಬನ್ನಿನಲ್ಲೂ ವಿದ್ಯುತ್ ಹರಿಯುತ್ತದೆ. ಮಿಂಚು ಕಂಡು ಗುಡುಗು ಕೇಳುವಷ್ಟರಲ್ಲಿ 30 ಸೆಕೆಂಡಿಗಿಂತ ಕಡಿಮೆ ಹೊತ್ತು ಹಿಡಿದರೆ ಸಿಡಿಲು 10 ಕಿಲೋಮೀಟರಿನ ಒಳಗಿದೆ. ಆಗ ಏರಿಯಿಂದ ಇಳಿದು ಕಟ್ಟಡದೊಳಗೋ ಕಾರಿನೊಳಗೋ ಸೇರಿಕೊಳ್ಳಬೇಕು. ಮರದಡಿ ನಿಲ್ಲಬಾರದು.

ಆರಿದ್ರಾ, ಪುನರ್ವಸು, ಪುಷ್ಯ ನಮ್ಮ ಬಯಲುಸೀಮೆಗೆ ಸುರಿಯುವುದಕ್ಕಿಂತ ಬೀಸುವ ಮಳೆಗಳು. ಜಿಟಿಜಿಟಿ ಹನಿ, ಮೇಲೆ ಆಷಾಢದ ಗಾಳಿ. ಟ್ರೈಪಾಡಿನ ನಡುಗಂಬವನ್ನು ಎತ್ತಬೇಡಿ. ಅದನ್ನು ಎತ್ತಿದರೆ ಮೂರು ಕಾಲಿನ ಮೇಲೆ ಒಂಟಿ ಕಾಲು ನಿಲ್ಲಿಸಿದ ಹಾಗೆ. ಕೆಳಗಿನ ಕೊಕ್ಕೆಗೆ ಚೀಲ ತೂಗುಹಾಕುವವರುಂಟು. ಗಾಳಿಗೆ ಆ ಚೀಲವೇ ಓಲಾಡಿ ನಡುಕ ತರುತ್ತದೆ. ಚೀಲದ ತಳ ನೆಲಕ್ಕೆ ತಾಗುವಂತೆ ಹಗ್ಗ ಬಿಡಿ. ಲೆನ್ಸಿನ ಮಳೆ ಹೊದಿಕೆ ಪಟಪಟ ಬಡಿಯುತ್ತಿದ್ದರೆ ಅದೂ ಚಿತ್ರ ಕೆಡಿಸುತ್ತದೆ. ಒಂದು ರಬ್ಬರ್ ಬ್ಯಾಂಡ್ ಸಾಕು.

ಇದೇ ದಿನಗಳಲ್ಲಿ ಹೊಳೆಯ ಬಗ್ಗೆ ವಿಶೇಷ ಎಚ್ಚರ ಬೇಕು. ಹರಿಹರದ ಮೇಲೆ ಆಕಾಶ ತಿಳಿಯಾಗಿದ್ದರೂ ಮಲೆನಾಡಿನಲ್ಲಿ ಸುರಿದ ಮಳೆ ತುಂಗೆ, ಭದ್ರೆಗಳ ಮೂಲಕ ಕೂಡಲಿಯಲ್ಲಿ ಒಂದಾಗಿ ಇಲ್ಲಿಗೆ ಬರುತ್ತದೆ. ಅಣೆಕಟ್ಟೆಯಿಂದ ನೀರು ಬಿಟ್ಟ ಸುದ್ದಿ ಕೇಳಿದ ದಿನ ದಂಡೆಯ ಕೆಳಮೆಟ್ಟಿಲಿಗೆ ಇಳಿಯುವ ಪ್ರಶ್ನೆಯೇ ಇಲ್ಲ.

ಉತ್ತರೆ, ಹಸ್ತಾ, ಚಿತ್ತಾ ಮಳೆಗಳು ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರಿನವರೆಗೆ. ಬೆಳಿಗ್ಗೆ ಬಿಸಿಲು, ಸಂಜೆ ಒಮ್ಮೆಲೇ ಜಡಿಮಳೆ. ಬೆಳಗಿನ ಹೊತ್ತು ಬೆಳಕು ಚೊಕ್ಕಟವಾಗಿರುತ್ತದೆ, ನೆಲ ಮಾತ್ರ ಹಿಂದಿನ ರಾತ್ರಿಯ ನೀರನ್ನು ಹಿಡಿದುಕೊಂಡೇ ಇರುತ್ತದೆ. ಬಿಸಿಲು ನೋಡಿ ಮೋಸ ಹೋಗದೆ ಬಿಲ್ಲೆಗಳನ್ನು ಒಯ್ಯಿರಿ.

ಮಳೆಗಾಲ ಗೀಜಗದಂಥ ಹಕ್ಕಿಗಳಿಗೆ ಸಂತಾನದ ಕಾಲವೂ ಹೌದು. ನಾಲೆ ಬದಿಯ ಜಾಲಿ, ಈಚಲು ಮರಗಳಲ್ಲಿ ಗೂಡು ತೂಗುವಾಗ ಮೂರು ಕಾಲನ್ನು ಹತ್ತಿರಕ್ಕೆ ಒಯ್ಯಬೇಡಿ. ಹಕ್ಕಿ ಗೂಡಿಗೆ ಮರಳಲು ಹಿಂಜರಿಯಿತೆಂದರೆ ನೀವು ಅತಿ ಹತ್ತಿರದಲ್ಲಿದ್ದೀರಿ.

ಮೂರು ಕೋಲು, ಒಂದು ಚೀಲ

ದುಡ್ಡು ಹಾಕದೆಯೂ ಆಸರೆ ಸಿಗುತ್ತದೆ. ಕೊಂಡಜ್ಜಿಯಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ತರಬೇತಿ ಶಿಬಿರವಿದೆ. ಮೂರು ಕೋಲನ್ನು ಸಾಲಾಗಿ ಮಲಗಿಸಿ, ಹಗ್ಗವನ್ನು ಮೇಲೆ ಕೆಳಗೆ ಹೆಣೆದು, ನಡುವೆ ಬಿಗಿಸುತ್ತು ಕೊಟ್ಟು, ಆಮೇಲೆ ಕಾಲುಗಳನ್ನು ಅಗಲಿಸಿ ನಿಲ್ಲಿಸುವ ಮುಕ್ಕಾಲಿ ಕಟ್ಟು ಸ್ಕೌಟಿನ ಮೊದಮೊದಲ ಪಾಠಗಳಲ್ಲಿ ಒಂದು. ಸ್ಪಾಟಿಂಗ್ ಸ್ಕೋಪಿಗೂ ಸಣ್ಣ ಲೆನ್ಸಿಗೂ ಅದು ಧಾರಾಳ. ಮಳೆಯಲ್ಲಿ ನಾರಿನ ಹಗ್ಗ ನೆನೆದು ಬಿಗಿಯಾಗುತ್ತದೆ, ಒಣಗಿದಾಗ ಸಡಿಲವಾಗುತ್ತದೆ. ಬಿಸಿಲು ಬಂದ ಕೂಡಲೇ ಕಟ್ಟನ್ನು ಮತ್ತೆ ನೋಡಬೇಕು. ನೈಲಾನ್ ಹಗ್ಗ ನೆನೆದಾಗ ತುಸು ಎಳೆದುಕೊಳ್ಳುತ್ತದೆ, ಗಂಟು ಜಾರುವುದೂ ಹೆಚ್ಚು.

ರಾಣೆಬೆನ್ನೂರಿನಲ್ಲಿ ಕೃಷ್ಣಮೃಗವನ್ನು ಜೀಪಿನಿಂದ ನೋಡುವಾಗ ಟ್ರೈಪಾಡಿಗೆ ಜಾಗವಿಲ್ಲ; ಕಿಟಕಿಯ ಮೇಲೆ ಬೀನ್ ಬ್ಯಾಗ್ ಹಾಕಿ ಎಂಜಿನ್ ನಿಲ್ಲಿಸಬೇಕು. ಖಾಲಿ ಚೀಲ ಒಯ್ದು ಹೋದ ಊರಿನಲ್ಲೇ ಧಾನ್ಯ ತುಂಬಿಸುವುದು ಬೇಸಿಗೆಗೆ ಒಳ್ಳೆಯ ಉಪಾಯ, ಮಳೆಗಾಲಕ್ಕಲ್ಲ. ನೆನೆದ ಭತ್ತ, ಮೆಕ್ಕೆಜೋಳ ಮುಗ್ಗುತ್ತವೆ, ಕಾಳು ಮೊಳಕೆಯೊಡೆಯುತ್ತದೆ. ಹಗುರ ಎಂದು ಮಂಡಕ್ಕಿ ತುಂಬುವ ಆಸೆ ದಾವಣಗೆರೆಯವರಿಗೆ ಬಂದೀತು. ಥಂಡಿಗೆ ಅದು ಮೆತ್ತಗಾಗಿ, ಲೆನ್ಸಿನ ಭಾರಕ್ಕೆ ಪುಡಿಯಾಗಿ, ಹತ್ತು ನಿಮಿಷದಲ್ಲಿ ಚೀಲ ಚಪ್ಪಟೆ. ಮಂಡಕ್ಕಿ ಮಿರ್ಚಿಯ ಜೊತೆಗೇ ಇರಲಿ. ಮಳೆಗೆ ಪ್ಲಾಸ್ಟಿಕ್ ಗುಳಿಗೆ ತುಂಬಿದ, ನೀರು ಹಿಡಿಯದ ಬಟ್ಟೆಯ ಚೀಲವೇ ವಾಸಿ. ಅದಿಲ್ಲದಿದ್ದರೆ ಕುರಿಗಾಹಿಗಳ ಕಂಬಳಿ ಇದೆ. ಕುರಿಯ ತುಪ್ಪಟದ ಜಿಡ್ಡು ಸಣ್ಣ ಮಳೆಯನ್ನು ತಡೆಯುತ್ತದೆ. ನಾಲ್ಕು ಮಡಿಕೆ ಮಾಡಿ ಏರಿಯ ಕಲ್ಲಿನ ಮೇಲೆ ಹಾಕಿದರೆ ಲೆನ್ಸ್ ಜಾರದೆ ಕೂರುತ್ತದೆ.

ಮನೆಗೆ ಬಂದ ಮೇಲೆ

ಮಳೆಯಲ್ಲಿ ನೆನೆದು ಹಾಳಾದ ಟ್ರೈಪಾಡ್ ಕಡಿಮೆ. ನೆನೆದದ್ದನ್ನು ಹಾಗೇ ಮಡಚಿ, ಚೀಲದೊಳಗೆ ತುರುಕಿ, ಮುಂದಿನ ಭಾನುವಾರ ತೆಗೆದು ಹಾಳಾದವೇ ಹೆಚ್ಚು. ಕಾಲುಗಳು ಪೊಳ್ಳು ಕೊಳವೆ. ಒಳಗೆ ಹೋದ ನೀರಿಗೆ ಹೊರಬರುವ ದಾರಿ ಇರುವುದಿಲ್ಲ.

ಮಡಚುವ ಮುಂಚೆ ಅಲ್ಲೇ ಕೆಸರು ತೊಳೆಯಿರಿ. ಕೆಸರಿನ ಕೊಳವೆಯನ್ನು ಒಳಗೆ ತಳ್ಳಿದರೆ ಲಾಕಿನೊಳಗೆ ಕೆಸರು ಹೋಗುತ್ತದೆ. ಮನೆಯಲ್ಲಿ ನಲ್ಲಿಯ ನಿಧಾನದ ನೀರು ಸಾಕು. ಬೈಕ್ ವಾಟರ್ ಸರ್ವಿಸ್ ಅಂಗಡಿಯ ಪೈಪಿಗೆ ಹಿಡಿಯಬೇಡಿ, ಆ ರಭಸ ಮರಳನ್ನು ಸಂದಿಯೊಳಗೆ ನುಗ್ಗಿಸುತ್ತದೆ. ಆಮೇಲೆ ಪಾದಗಳನ್ನು ತಿರುಚಿ ಬಿಚ್ಚಿ, ಕಾಲುಗಳನ್ನು ಪೂರ್ತಿ ಎಳೆದು, ತಲೆಕೆಳಗಾಗಿ ಗಾಳಿಯಾಡುವ ನೆರಳಿನಲ್ಲಿ ಒರಗಿಸಿ.

ತಿರುಚುವ ಲಾಕಿನವನ್ನು ಮಳೆಗಾಲದಲ್ಲಿ ಆಗಾಗ ಪೂರ್ತಿ ಬಿಚ್ಚಬೇಕು. ಒಂದು ಸಲಕ್ಕೆ ಒಂದೇ ಕಾಲು. ಬಿಚ್ಚುವಾಗ ಮೊಬೈಲಿನಲ್ಲಿ ಒಂದೊಂದು ಹಂತದ ಚಿತ್ರ ತೆಗೆದುಕೊಂಡರೆ ಜೋಡಿಸುವಾಗ ತಿಣುಕಾಟವಿಲ್ಲ. ಒಳಗಿನ ಅರ್ಧ ಬಳೆಯಂಥ ಪ್ಲಾಸ್ಟಿಕ್ ತುಂಡುಗಳ ಗುಬುಟು ಕೊಳವೆಯ ತೂತಿಗೆ ಕೂರಬೇಕು. ಥ್ರೆಡ್ಡನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸೋಪಿನ ನೀರಿನಲ್ಲಿ ಉಜ್ಜಿ, ಒಣಗಿಸಿ, ಥ್ರೆಡ್ಡಿಗೆ ಮಾತ್ರ ತೆಳುವಾಗಿ ಗ್ರೀಸ್ ಸವರಿ. ಪ್ಲಾಸ್ಟಿಕ್ ತುಂಡುಗಳಿಗೆ ಜಿಡ್ಡು ತಾಗಿದರೆ ಲಾಕ್ ಜಾರುತ್ತದೆ. ಕ್ಲಿಪ್ಪಿನ ಲಾಕಾದರೆ ಅಲೆನ್ ಕೀಯಿಂದ ತುಸು ಬಿಗಿ ಮಾಡಿದರೆ ಸಾಕು.

ಎಲ್ಲಕ್ಕೂ ಡಬ್ಲ್ಯೂಡಿ-40 ಹೊಡೆಯುವ ಅಭ್ಯಾಸ ನಮ್ಮಲ್ಲಿದೆ. ಅದು ಹುಟ್ಟಿದ್ದು ನೀರನ್ನು ಓಡಿಸಲು. ನೀರಿನ ಜೊತೆ ಇರುವ ಗ್ರೀಸನ್ನೂ ಕರಗಿಸುತ್ತದೆ; ಹೊಡೆದ ಮೇಲೆ ಒರಸಿ ಹೊಸ ಗ್ರೀಸ್ ಹಾಕದಿದ್ದರೆ ಲಾಭಕ್ಕಿಂತ ನಷ್ಟ. ಬಾಲ್ ಹೆಡ್ಡಿನ ಗುಂಡಿಗೆ ಎಣ್ಣೆ ಬೇಡವೇ ಬೇಡ, ಒಣ ಬಟ್ಟೆ ಸಾಕು. ಲೆನ್ಸಿನ ಪಾದಕ್ಕೂ ಪ್ಲೇಟಿಗೂ ನಡುವೆ ನೀರು ಅಡಗಿರುತ್ತದೆ. ಬಿಚ್ಚಿ ಒರಸಿ.

ಅಲ್ಯೂಮಿನಿಯಂ ತುಕ್ಕು ಹಿಡಿಯುವುದಿಲ್ಲ, ಕಾರ್ಬನ್ ಫೈಬರ್ ಕೊಳೆಯುವುದಿಲ್ಲ. ಆದರೆ ಇವೆರಡೂ ಒಂದಕ್ಕೊಂದು ತಾಗಿಕೊಂಡು ನಡುವೆ ತೇವ ನಿಂತರೆ ಅಲ್ಲೊಂದು ಸಣ್ಣ ಬ್ಯಾಟರಿಯೇ ಹುಟ್ಟುತ್ತದೆ. ಅಲ್ಯೂಮಿನಿಯಂ ನಿಧಾನಕ್ಕೆ ಬಿಳಿ ಪುಡಿಯಾಗಿ ಸವೆಯುತ್ತದೆ. ದುಬಾರಿ ಟ್ರೈಪಾಡಿಗೂ ಒಣಗಿಸುವ ಕೆಲಸ ತಪ್ಪಿದ್ದಲ್ಲ ಎಂಬುದಕ್ಕೆ ಇದೇ ಕಾರಣ. ಮರದ ಕಾಲಿದ್ದವರು ಮಳೆಗಾಲಕ್ಕೆ ಮುಂಚೆ ಅಗಸೆ ಎಣ್ಣೆ ಉಜ್ಜಿಕೊಳ್ಳಲಿ. ಎಣ್ಣೆ ಒರಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅಗಸೆ ಎಣ್ಣೆ ಒಣಗುವಾಗ ಕಾವು ಹುಟ್ಟಿ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಹರವಿ ಒಣಗಿಸಿ.

ಹರಿಹರದ ಲೇತ್

ತುಂಡಾದ ಸ್ಕ್ರೂ, ಕಳೆದುಹೋದ ಪಾದಕ್ಕೆ ಬೆಂಗಳೂರಿನ ದಾರಿ ನೋಡಬೇಕಿಲ್ಲ. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹುಟ್ಟಿ, ದೇಶಕ್ಕೆ ಲೇತ್ ಯಂತ್ರಗಳನ್ನು ಮಾಡಿಕೊಟ್ಟ ಊರು ಹರಿಹರ. ಕಾರ್ಖಾನೆ ನಿಂತರೂ ಆ ಕಸುಬು ಊರಿನಲ್ಲಿ ಉಳಿದಿದೆ. ಮೂರು ಚೂಪು ಪಾದ ಕಡೆದುಕೊಡುವುದು ಲೇತಿನವರಿಗೆ ಊಟದ ಬಿಡುವಿನ ಕೆಲಸ. ಸ್ಟೇನ್‌ಲೆಸ್ ಸ್ಟೀಲ್ ಅಥವಾ ಹಿತ್ತಾಳೆಯಲ್ಲಿ ಮಾಡಿಸಿದರೆ ತುಕ್ಕಿನ ಚಿಂತೆಯಿಲ್ಲ.

ಒಂದು ಅಳತೆ ಮಾತ್ರ ನೆನಪಿಡಬೇಕು. ಕ್ಯಾಮೆರಾ ಕೂರುವ ಸ್ಕ್ರೂ ಕಾಲು ಇಂಚು ದಪ್ಪ, ಇಂಚಿಗೆ 20 ಸುತ್ತು. ದೊಡ್ಡದು ಮುಕ್ಕಾಲರ್ಧ, ಅಂದರೆ ಎಂಟರಲ್ಲಿ ಮೂರು ಇಂಚು, ಇಂಚಿಗೆ 16 ಸುತ್ತು. ಹಾರ್ಡ್‌ವೇರ್ ಅಂಗಡಿಯಲ್ಲಿ ಸುಲಭಕ್ಕೆ ಸಿಗುವ 6 ಎಂಎಂ ಬೋಲ್ಟ್ ಕಣ್ಣಿಗೆ ಅದೇ ಥರ ಕಾಣುತ್ತದೆ. ಕಾಲು ಇಂಚು ಎಂದರೆ 6.35 ಮಿಲಿಮೀಟರ್, ಸುತ್ತಿನ ಅಂತರವೂ ಬೇರೆ. 6 ಎಂಎಂ ಬೋಲ್ಟ್ ಒಳಗೆ ಹೋದಂತೆ ಮಾಡಿ, ಒತ್ತಿ ತಿರುಗಿಸಿದರೆ ಲೆನ್ಸ್ ಪಾದದ ಥ್ರೆಡ್ಡನ್ನೇ ಕೊರೆದುಬಿಡುತ್ತದೆ. ಆಮೇಲೆ ನೀರಿನ ಮೇಲೆ ವಾಲಿದ ಲೆನ್ಸನ್ನು ಯಾವ ಆಸರೆಯೂ ಹಿಡಿಯಲಾರದು. ಲೇತಿನವರ ಹತ್ತಿರ ಹೋಗುವಾಗ ಹಳೆಯ ಸ್ಕ್ರೂವನ್ನೇ ಕೈಯಲ್ಲಿ ಹಿಡಿದು ಹೋಗಿ.

ಕ್ಯಾಮೆರಾ ಐದಾರು ವರ್ಷಕ್ಕೆ ಹಳತಾಗುತ್ತದೆ, ಲೆನ್ಸ್ ಕೈ ಬದಲಾಗುತ್ತದೆ. ಸಾಧಾರಣ ಅಲ್ಯೂಮಿನಿಯಂ ಟ್ರೈಪಾಡಾದರೂ ತೊಳೆದು, ಒಣಗಿಸಿ, ಗ್ರೀಸ್ ಹಾಕಿ ಇಟ್ಟುಕೊಂಡರೆ ಅವೆರಡನ್ನೂ ದಾಟಿ ಬಾಳುತ್ತದೆ. ಈ ಮಳೆಗಾಲಕ್ಕೆ ಹೊಸದು ಕೊಳ್ಳುವ ಯೋಚನೆಯಿದ್ದವರು ಮೊದಲು ಹಳೆಯದರ ಒಂದು ಕಾಲು ಬಿಚ್ಚಿ ನೋಡಿ. ಬಹಳ ಸಲ ಬೇಕಾಗಿರುವುದು ಒಂದು ಬ್ರಷ್, ಚಿಟಿಕೆ ಗ್ರೀಸ್, ಮೂರು ಪ್ಲೈವುಡ್ ಬಿಲ್ಲೆ.